ಹಳೇ ಕಾರು ಕೂಟದ ಚರಿತ್ರೆ ಬರೆಯಬೇಕು, ಎಲ್ಲಿಂದ ಶುರು ಮಾಡೋದು?

ಹೆರಾಲ್ಡ್_ಮೈಸೂರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬಿಡುವು ಮಾಡಿಕೊಂಡು ಓದಿ.

ಮೈಸೂರಿನಲ್ಲಿ ನಮ್ಮದೊಂದು ಹಳೇ ಕಾರುಗಳ ಕೂಟ ಇದೆ. ದೊಡ್ಡದೇನಲ್ಲ. ಇಪ್ಪತ್ತು ಚಿಲ್ಲರೆ ಕಾರು, ಅದರಲ್ಲಿ ಓಡುವ ಸ್ಥಿತಿಯಲ್ಲಿರುವುದು ಹದಿನಾಲ್ಕೋ ಹದಿನೈದೋ. ಈ ವರ್ಷ ಒಂದು ಸ್ಮರಣ ಸಂಚಿಕೆ ತರೋಣ ಎಂದು ಎಲ್ಲರೂ ಒಪ್ಪಿದರು. ಕರಡು ನನ್ನ ಕೈಗೆ ಬಂತು. ಯಾವ ವರ್ಷ ಯಾರು ಅಧ್ಯಕ್ಷರಾಗಿದ್ದರು, ಯಾವ ರ‍್ಯಾಲಿಗೆ ಯಾವ ಗಣ್ಯರು ಬಾವುಟ ತೋರಿಸಿದರು, ಯಾರ ಕಾರಿಗೆ ಯಾವ ಕಪ್ ಬಂತು, ಇಷ್ಟೇ ಇದೆ. ಓದಿ ಮುಗಿಸಿದಾಗ ಒಳಗೆ ಏನೋ ಸಂಕಟ. ನಾವು ಒಟ್ಟಾದದ್ದು ಸಾಮಾನು ಸಿಗದೇ ಕಂಗಾಲಾಗಿ. ಆ ಮಾತೇ ಅದರಲ್ಲಿ ಇಲ್ಲ.

ನನ್ನದು ನಾಲ್ಕು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್ ಅಂದರೆ ಎರಡೇ ಬಾಗಿಲು, ನಾಲ್ಕು ಬಾಗಿಲಿನದ್ದು ತಯಾರಾದದ್ದು ನಮ್ಮ ದೇಶದಲ್ಲಿ ಮಾತ್ರ, ಮದರಾಸಿನ ಸ್ಟ್ಯಾಂಡರ್ಡ್ ಕಾರ್ಖಾನೆಯಲ್ಲಿ. 1961ರಿಂದ ಹೆರಾಲ್ಡ್ ಮಾಡಿದರು, ಆಮೇಲೆ ಗಜೆಲ್, ಕೊನೆಗೆ 1985ರಲ್ಲಿ ಸ್ಟ್ಯಾಂಡರ್ಡ್ 2000 ತಂದು ಕೈಸುಟ್ಟುಕೊಂಡರು. ಆ ದಶಕ ಮುಗಿಯುವಷ್ಟರಲ್ಲಿ ಕಾರು ತಯಾರಿಕೆ ನಿಂತಿತ್ತು. ಕಂಪನಿ ಬಾಗಿಲು ಹಾಕಿದ ಮೇಲೆ ಆ ಕಾರು ಇಟ್ಟುಕೊಂಡವರ ಪಾಡು ಏನು ಎಂದು ಇಟ್ಟುಕೊಂಡವರಿಗೇ ಗೊತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ನನಗೆ ಒಂದು ವಾಟರ್ ಪಂಪ್ ಬೇಕಾಗಿತ್ತು. ಆರು ತಿಂಗಳು ಹುಡುಕಿದೆ. ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಅಂಗಡಿ ಅಂಗಡಿ ಹತ್ತಿ ಇಳಿದೆ, ಶಿವಾಜಿನಗರದ ಗುಜರಿಗಳಲ್ಲಿ ಕೆದಕಿದೆ. ಸಿಗಲಿಲ್ಲ. ಆಗ ನಮ್ಮ ಮೆಕಾನಿಕ್ ಒಂದು ಮಾತು ಹೇಳಿದರು. ನಾವೆಲ್ಲ ಅವರನ್ನು ಮೇಷ್ಟ್ರು ಎಂದೇ ಕರೆಯುವುದು. "ನಿಮ್ಮ ಹಾಗೇ ಇನ್ನೂ ನಾಲ್ಕು ಜನ ಒಂದೊಂದು ಸಾಮಾನಿಗೆ ಅಲೆಯುತ್ತಾ ಇದ್ದಾರೆ. ಭಾನುವಾರ ಬೆಳಗ್ಗೆ ಬನ್ನಿ, ಎಲ್ಲರದ್ದೂ ಸೇರಿಸಿ ಒಂದು ಪಟ್ಟಿ ಮಾಡಿ, ಯಾರಾದರೂ ಒಬ್ಬರು ಹೋಗಿ ತನ್ನಿ."

ಹಾಗೆ ಐದು ಜನ ಗ್ಯಾರೇಜಿನಲ್ಲಿ ಕೂತು ಪಟ್ಟಿ ಬರೆದೆವು. ಇಬ್ಬರು ರಾತ್ರಿ ಬಸ್ಸಿನಲ್ಲಿ ಚೆನ್ನೈಗೆ ಹೋಗಿ ಪುದುಪೇಟೆಯ ಗಲ್ಲಿಗಳಲ್ಲಿ ಎರಡು ದಿನ ಸುತ್ತಿ ಅರ್ಧ ಪಟ್ಟಿ ತೀರಿಸಿಕೊಂಡು ಬಂದರು. ಉಳಿದ ಅರ್ಧಕ್ಕಾಗಿ ಮುಂದಿನ ಭಾನುವಾರ ಮತ್ತೆ ಸೇರಿದೆವು. ಅಲ್ಲಿಂದ ಭಾನುವಾರ ತಪ್ಪಿಲ್ಲ. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ, ಮಡಿಕೆಗಳಲ್ಲಿ ಹರಿದಿದೆ. ನನ್ನ ಪ್ರಕಾರ ಅದೇ ನಮ್ಮ ಕೂಟದ ಮೊದಲ ಸದಸ್ಯರ ಪಟ್ಟಿ.

ಮೇಷ್ಟ್ರಿಗೆ ಈಗ ಕಣ್ಣು ಮಂಜು. ಗ್ಯಾರೇಜು ಮುಚ್ಚಿ ಎರಡು ವರ್ಷ ಆಯಿತು. ಕರಡಿನಲ್ಲಿ ಅವರ ಬಗ್ಗೆ ಒಂದು ಸಾಲೂ ಇಲ್ಲ. ಬೇರೆ ಊರಿನವರು ನಿಮ್ಮ ಕೂಟದ ಚರಿತ್ರೆ ಬರೆದಿದ್ದೀರಾ? ಬರೆದಿದ್ದರೆ ಎಲ್ಲಿಂದ ಶುರು ಮಾಡಿದಿರಿ?

ಕಡಲ_ಅಂಬಾಸಡರ್

ಮಂಗಳೂರಿನಿಂದ ಬರೆಯುತ್ತಿದ್ದೇನೆ. ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದೀರಿ.

ನನ್ನ ಸಲಹೆ, ಸ್ವಲ್ಪ ಹಿಂದಿನಿಂದ ಶುರು ಮಾಡಿ. ಹಳೇ ಕಾರು ಕೂಟ ಅನ್ನುವ ಕಲ್ಪನೆಯೇ ಎಲ್ಲಿಂದ ಬಂತು ಎಂದು ಓದುವವರಿಗೆ ತಿಳಿಯಲಿ. ಇಂಗ್ಲೆಂಡಿನಲ್ಲಿ 1896ರವರೆಗೂ ಮೋಟಾರು ಗಾಡಿಗಳಿಗೆ ವಿಪರೀತ ನಿರ್ಬಂಧ ಇತ್ತು. ಗಾಡಿಯ ಮುಂದೆ ಒಬ್ಬ ಮನುಷ್ಯ ನಡೆಯಬೇಕು, ಮೊದಮೊದಲು ಅವನ ಕೈಯಲ್ಲಿ ಕೆಂಪು ಬಾವುಟ ಬೇರೆ. ಆ ಕಾನೂನು ಹೋದ ದಿನ, 1896ರ ನವೆಂಬರ್ 14, ಲಂಡನ್ನಿನಿಂದ ಬ್ರೈಟನ್ನಿಗೆ ಗಾಡಿಗಳು ಹೊರಟವು. ಆ ಓಟವನ್ನು 1927ರಲ್ಲಿ ಮತ್ತೆ ಶುರು ಮಾಡಿದರು, ಆಗಲೇ ಆ ಗಾಡಿಗಳು ಮುದುಕಾಗಿದ್ದವು. 1930ರಲ್ಲಿ ವೆಟರನ್ ಕಾರ್ ಕ್ಲಬ್ ಹುಟ್ಟಿತು. ಇವತ್ತಿಗೂ ಆ ಓಟಕ್ಕೆ 1905ಕ್ಕಿಂತ ಹಿಂದಿನ ಗಾಡಿಯೇ ಆಗಬೇಕು.

ನಮ್ಮ ದೇಶದಲ್ಲಿ ದಿಲ್ಲಿಯ ಸ್ಟೇಟ್ಸ್‌ಮನ್ ರ‍್ಯಾಲಿ 1964ರಲ್ಲಿ ಶುರುವಾಯಿತು, ಕಲ್ಕತ್ತದಲ್ಲಿ 1968ರಿಂದ. ಗುಜರಿಗೆ ಹೋಗಬೇಕಿದ್ದ ಎಷ್ಟೋ ಗಾಡಿಗಳು ಆ ರ‍್ಯಾಲಿಯ ಆಸೆಗೆ ಉಳಿದುಕೊಂಡವು. ನಮ್ಮ ಕಡೆ ಹೇಳುವುದಾದರೆ ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂ ಇದೆ. ನಾನು ಹುಡುಗನಾಗಿದ್ದಾಗ ಮಂಜುನಾಥನ ದರ್ಶನ ಮುಗಿಸಿ ಅಪ್ಪ ನೇರ ಆ ಕಾರುಗಳ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸುತ್ತಿದ್ದರು. ನನಗೆ ಈ ಹುಚ್ಚು ಹತ್ತಿದ್ದೇ ಅಲ್ಲಿ. ಈಗ ನಿಮ್ಮ ಕಡೆಯೂ ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿ ಪಕ್ಕದಲ್ಲಿ ಪಯಣ ಮ್ಯೂಸಿಯಂ ಆಗಿದೆ, ಅದೂ ಹೆಗ್ಗಡೆಯವರದ್ದೇ. ಇದೆಲ್ಲ ಬರಬೇಕು.

ಡಿಲೈಟ್_65

ಹುಬ್ಬಳ್ಳಿ. ಮೈಸೂರಿನವರ ಮಾತು ನನಗೆ ಬಹಳ ಹಿಡಿಸಿತು. ನಮ್ಮಲ್ಲೂ ಇದೇ ಕಥೆ, ಬರೀ ಊರು ಬೇರೆ.

ನನ್ನದು 1965ರ ಫಿಯಟ್ 1100 ಡಿಲೈಟ್. ನಂಬರ್ ಪ್ಲೇಟ್ ಎಂವೈ ಅಕ್ಷರಗಳಿಂದ ಶುರುವಾಗುತ್ತದೆ, ಅಂದರೆ ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಅಂತಲೇ ಹೆಸರಿದ್ದ ಕಾಲ. ಅಪ್ಪ ಅದನ್ನು ಎಪ್ಪತ್ತರ ದಶಕದಲ್ಲಿ ಮೈಸೂರಿನಿಂದಲೇ ಎರಡನೇ ಕೈಯಲ್ಲಿ ತಂದದ್ದು. ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ, ಆಗ ಹೊಸ ಫಿಯಟ್ ಬೇಕು ಅಂದರೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಮನೆಯಲ್ಲಿ ಮಗು ಹುಟ್ಟಿದಾಗ ಬುಕ್ ಮಾಡಿದರೆ ಅದು ಶಾಲೆಗೆ ಹೋಗುವ ಹೊತ್ತಿಗೆ ಕಾರು ಬರುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಹಾಗಾಗಿ ಎರಡನೇ ಕೈ ಗಾಡಿಗೂ ಭಾರಿ ಬೆಲೆ.

ಇದೇ ಗಾಡಿ 1964ರಲ್ಲಿ ಡಿಲೈಟ್ ಆಗಿ ಬಂತು, ಮಧ್ಯೆ ಪ್ರೆಸಿಡೆಂಟ್ ಅಂತಾಯಿತು, 1974ರಿಂದ ಪದ್ಮಿನಿ. ಎಂಜಿನ್ 1089 ಸಿಸಿ, ಗೇರ್ ಸ್ಟೇರಿಂಗ್ ಪಕ್ಕದಲ್ಲಿ. ಮುಂದೆ ಬೆಂಚ್ ಸೀಟು, ಮೂರು ಜನ ಆರಾಮಾಗಿ ಕೂರಬಹುದು. ಹಾಗೆ ಕೂತು ಬೆಳೆದವನು ನಾನು, ಅಪ್ಪ ಗೇರ್ ಹಾಕುವಾಗ ಮೊಣಕಾಲು ಸರಿಸುವ ಗೊಡವೆಯೇ ಇರಲಿಲ್ಲ.

ಒಂದು ವಿಷಯ ಎತ್ತಬೇಕು. ನಮ್ಮ ಕಡೆಯ ಕೂಟದಲ್ಲಿ ಶುರುವಿನಲ್ಲಿ ಫಿಯಟ್, ಅಂಬಾಸಡರ್ ಎರಡನ್ನೂ ಸೇರಿಸಿಕೊಳ್ಳುತ್ತಿರಲಿಲ್ಲ. 1940ಕ್ಕಿಂತ ಹಿಂದಿನದ್ದು ಬೇಕು, ಇಲ್ಲ ಅಂದರೆ ವಿದೇಶಿ ಗಾಡಿ ಬೇಕು. "ಟ್ಯಾಕ್ಸಿ ತಂದು ನಿಲ್ಲಿಸ್ತೀರಾ?" ಎಂದು ನನ್ನ ಮುಖಕ್ಕೇ ಕೇಳಿದ್ದರು. ಈಗ ಅದೇ ಜನ ಒಳ್ಳೆಯ ಡಿಲೈಟ್ ಎಲ್ಲಾದರೂ ಇದ್ದರೆ ಹೇಳಿ ಎಂದು ಫೋನ್ ಮಾಡುತ್ತಾರೆ. ನಿಮ್ಮ ಚರಿತ್ರೆಯಲ್ಲಿ ಯಾರನ್ನು ಸೇರಿಸಿದಿರಿ ಅನ್ನುವುದರ ಜೊತೆ ಯಾರನ್ನು ಹೊರಗೆ ನಿಲ್ಲಿಸಿದಿರಿ ಅನ್ನುವುದನ್ನೂ ಬರೆಯಿರಿ.

ಇನ್ನೊಂದು, ಇದು ಸುಮ್ನೆ ನನ್ನ ತಲೆಗೆ ಹೊಕ್ಕಿರುವ ಹುಳ. ನಮ್ಮ ಮನೆಯ ಕಥೆ ಪ್ರಕಾರ ಈ ಗಾಡಿಯ ಎಂಜಿನ್ ಯಾವತ್ತೂ ಬಿಚ್ಚಿಲ್ಲ. ಅಪ್ಪ ಸಾಯುವವರೆಗೂ ಹೆಮ್ಮೆಯಿಂದ ಹಾಗೇ ಹೇಳುತ್ತಿದ್ದರು. ಹೋದ ವರ್ಷ ಹೊಗೆ ಜಾಸ್ತಿ ಆಯಿತು ಎಂದು ಹೆಡ್ ಬಿಚ್ಚಿಸಿದರೆ ಪಿಸ್ಟನ್ ತಲೆಯ ಮೇಲೆ 40 ಎಂದು ಒತ್ತಿದೆ. ಅಂದರೆ ಎಂಜಿನ್ ಇಳಿಸಿ, ಸವೆದ ಸಿಲಿಂಡರನ್ನು ಕೊರೆದು ದೊಡ್ಡದು ಮಾಡಿ (ಬೋರ್ ಮಾಡಿ), ಅದಕ್ಕೆ ತಕ್ಕ ದೊಡ್ಡ ಪಿಸ್ಟನ್, ಓವರ್‌ಸೈಜ್ ಹಾಕಿದ್ದಾರೆ. ಅಪ್ಪ ಸುಳ್ಳು ಹೇಳುವವರಲ್ಲ. ಯಾರು, ಯಾವಾಗ ಮಾಡಿದರು ಅನ್ನುವುದು ಗೊತ್ತಾಗದೆ ಕೂತಿದ್ದೇನೆ.

ಹೆರಾಲ್ಡ್_ಮೈಸೂರು

@ಕಡಲ_ಅಂಬಾಸಡರ್ ಬಹಳ ಥ್ಯಾಂಕ್ಸ್. ಬ್ರೈಟನ್ನಿಗೆ ಒಂದು ಪ್ಯಾರಾ ಕೊಡುತ್ತೇನೆ, ಅದಕ್ಕಿಂತ ಜಾಸ್ತಿ ಬೇಡ ಅನ್ನಿಸುತ್ತದೆ. ಅಲ್ಲಿ ಕೂಟ ಕಟ್ಟಿದಾಗ ಆ ಗಾಡಿಗಳಿಗೆ ಇನ್ನೂ ಮೂವತ್ತು ನಲವತ್ತು ವರ್ಷ, ಮಾಡಿದ ಊರುಗಳೂ ಪಕ್ಕದಲ್ಲೇ ಇದ್ದವು. ನಮಗೆ ಕಾರು ಬಂದದ್ದು ಹಡಗಿನಲ್ಲಿ, ಇಲ್ಲವೇ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ. 1928ರಲ್ಲಿ ಜನರಲ್ ಮೋಟರ್ಸ್‌ನವರು ಬೊಂಬಾಯಿಯಲ್ಲಿ ಶೆವರ್ಲೆ ಜೋಡಿಸುತ್ತಿದ್ದರು. ಇಲ್ಲೇ ಪೂರ್ತಿ ತಯಾರು ಮಾಡುವ ಯೋಜನೆ ಇದ್ದವರು ಮಾತ್ರ ಇರಿ ಎಂದು ಸರ್ಕಾರ ಹೇಳಿದ ಮೇಲೆ ಐವತ್ತರ ದಶಕದ ಮಧ್ಯದಲ್ಲಿ ಅವರು ಹೊರಟುಹೋದರು. ಹೋದವರ ಹಿಂದೆ ಸಾಮಾನೂ ಹೋಯಿತು. ಆಗಿನಿಂದಲೇ ನಮ್ಮ ಮೆಕಾನಿಕ್‌ಗಳು ಇಲ್ಲದ್ದನ್ನು ಮಾಡಿಕೊಳ್ಳುವುದನ್ನು ಕಲಿತರು. ನನಗೆ ಬರೆಯಬೇಕಾಗಿರುವುದು ಅದನ್ನು.

@ಡಿಲೈಟ್_65 ನಿಮ್ಮ ಗಾಡಿ ಮೈಸೂರಿನದ್ದಾ? ನಂಬರನ್ನು ಇಲ್ಲಿ ಹಾಕಬೇಡಿ, ನನಗೆ ಬೇರೆಯಾಗಿ ಕಳಿಸಿ. ಮೇಷ್ಟ್ರನ್ನು ಕೇಳುತ್ತೇನೆ. ಅವರಿಗೆ ಮುಖ ನೆನಪಿರುವುದಿಲ್ಲ, ನಂಬರ್ ನೆನಪಿರುತ್ತದೆ.

ನಿಮ್ಮ ಟ್ಯಾಕ್ಸಿ ಮಾತು ಓದಿ ನನಗೂ ಚುಚ್ಚಿತು. ನಾವೂ ಒಬ್ಬರನ್ನು ಹಾಗೆ ವಾಪಸ್ ಕಳಿಸಿದ್ದೆವು. ಅದು ತಪ್ಪಾಗಿತ್ತು. ಬರೆಯುತ್ತೇನೆ.

ಘಾಟಿ_ಜೀಪು

ಚಿಕ್ಕಮಗಳೂರು ಕಡೆಯವನು. ನಮ್ಮ ತೋಟದಲ್ಲಿ ಒಂದು ಹಳೇ ವಿಲ್ಲೀಸ್ ಮಾದರಿಯ ಜೀಪು, ಒಂದು ಅಂಬಾಸಡರ್ ಮಾರ್ಕ್ ಟೂ ಇವೆ.

ಮೆಕಾನಿಕ್ ಬಗ್ಗೆ ಹೇಳಿದಿರಿ, ಸರಿ. ಡ್ರೈವರ್‌ಗಳು? ಐವತ್ತು ವರ್ಷದ ಹಿಂದೆ ಕಾರಿದ್ದ ಮನೆಗಳಲ್ಲಿ ಮಾಲೀಕರು ಸ್ಟೇರಿಂಗ್ ಹಿಡಿದದ್ದು ಕಡಿಮೆ. ಗಾಡಿ ಓಡಿಸಿದವರು, ತೊಳೆದವರು, ಬೆಳಗಿನ ಚಳಿಯಲ್ಲಿ ಹ್ಯಾಂಡಲ್ ಹೊಡೆದು ಶುರು ಮಾಡಿದವರು ಅವರು. ನಮ್ಮಲ್ಲಿ ಇದ್ದ ಡ್ರೈವರ್ ಮೂವತ್ತೆರಡು ವರ್ಷ ಇದ್ದರು. ಚಾರ್ಮಾಡಿ ಘಾಟಿ ಹತ್ತುವಾಗ ಬೇಸಿಗೆಯಲ್ಲಿ ಅಂಬಾಸಡರ್ ನಿಂತುಹೋಗುತ್ತಿತ್ತು. ಪೆಟ್ರೋಲ್ ಪಂಪು ಎಂಜಿನ್ನಿಗೆ ಅಂಟಿಕೊಂಡೇ ಇರುತ್ತದೆ ನೋಡಿ, ಕಾಯ್ದು ಕಾಯ್ದು ಒಳಗಿನ ಪೆಟ್ರೋಲ್ ಆವಿಯಾಗಿ ಪಂಪು ಎಳೆಯುವುದನ್ನೇ ಬಿಡುತ್ತದೆ. ಗೊತ್ತಿಲ್ಲದವರು ಕಾರ್ಬ್ಯುರೇಟರ್ ಬಿಚ್ಚಿ ಕೂರುತ್ತಾರೆ. ಇವರು ಬಾನೆಟ್ ಎತ್ತಿ, ಹೆಗಲ ಮೇಲಿನ ಟವೆಲ್ ತೆಗೆದು ತೊರೆಯ ನೀರಲ್ಲಿ ಅದ್ದಿ ಪಂಪಿಗೆ ಸುತ್ತಿ, ಒಂದು ಬೀಡಿ ಮುಗಿಯುವವರೆಗೆ ಕಾಯುತ್ತಿದ್ದರು. ಆಮೇಲೆ ಒಂದೇ ಸಲ ಸೆಲ್ಫ್ ಸ್ಟಾರ್ಟರ್ ಹಾಕಿದರೆ ಗಾಡಿ ಶುರು. ನಾವು ಮಕ್ಕಳು ಹಿಂದಿನ ಸೀಟಲ್ಲಿ ಕೂತು, ಇನ್ನೇನು ಕೊಟ್ಟಿಗೆಹಾರ ಬಂತು ನೀರುದೋಸೆ ತಿನ್ನೋಣ ಎಂದು ಕಾಯುತ್ತಿದ್ದೆವು.

ಆ ಮನುಷ್ಯ ತೀರಿಕೊಂಡು ಹದಿನೈದು ವರ್ಷ. ಗಾಡಿ ಇದೆ, ಎರಡು ಸಲ ಬಹುಮಾನವೂ ಬಂದಿದೆ, ಕಪ್ಪಿನ ಮೇಲೆ ನಮ್ಮ ಮನೆತನದ ಹೆಸರಿದೆ. ಅವರ ಒಂದು ಫೋಟೋ ಇಲ್ಲ ನಮ್ಮ ಹತ್ತಿರ. ಎಲ್ಲ ಫೋಟೋದಲ್ಲೂ ಅವರು ಕ್ಯಾಮೆರಾ ಹಿಡಿದಿದ್ದಾರೆ, ಇಲ್ಲವೇ ಪಕ್ಕಕ್ಕೆ ಸರಿದು ನಿಂತಿದ್ದಾರೆ. ಇದನ್ನು ಬರೆಯುವಾಗ ಗಂಟಲು ಕಟ್ಟುತ್ತಿದೆ.

ಗ್ರೀಸ್_ಗನ್

ನಾನು ಯಾವ ಕೂಟದ ಸದಸ್ಯನೂ ಅಲ್ಲ. ನನ್ನ ಹತ್ತಿರ ಹಳೇ ಕಾರೂ ಇಲ್ಲ. ನಮ್ಮ ತಂದೆ ಮೆಕಾನಿಕ್, ನಾನೂ ಅದೇ ಕೆಲಸ ಮಾಡುತ್ತೇನೆ. ಈ ಚರ್ಚೆ ಓದಿ ಸುಮ್ಮನಿರಲು ಆಗಲಿಲ್ಲ.

ಮೊದಲು ಒಂದು ನೇರ ಮಾತು. ಕೂಟಗಳ ನಿಯಮದಲ್ಲಿ ಸದಸ್ಯ ಆಗಬೇಕಾದರೆ ಗಾಡಿಯ ಆರ್‌ಸಿ ನಿಮ್ಮ ಹೆಸರಲ್ಲಿ ಇರಬೇಕು ಎಂದು ಇರುತ್ತದೆ, ಅಲ್ವಾ? ಆ ಒಂದು ಸಾಲಿನಿಂದ ನಮ್ಮ ತಂದೆಯಂಥವರೆಲ್ಲ ಹೊರಗೆ. ರ‍್ಯಾಲಿಯ ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಕೆಲಸ ಮಾಡಿ, ಬೆಳಗ್ಗೆ ಗಾಡಿ ಹೊರಟಾಗ ಗೇಟಿನ ಹೊರಗೆ ನಿಂತು ನೋಡಿದ್ದಾರೆ ಅವರು. ಒಳಗೆ ತಿಂಡಿಗೆ ಪಾಸ್ ಬೇಕಿತ್ತು. ಯಾವ ಕೂಟ ಎಂದು ಹೇಳುವುದಿಲ್ಲ. ಅವರಿಗೆ ಆ ಬಗ್ಗೆ ಸಿಟ್ಟೂ ಇರಲಿಲ್ಲ, ಗಾಡಿಯ ಸದ್ದು ಕೇಳಿ ಎರಡನೇ ಸಿಲಿಂಡರ್ ಸ್ವಲ್ಪ ತಪ್ಪುತ್ತಿದೆ ಎಂದಷ್ಟೇ ಹೇಳಿದರು. ಸಿಟ್ಟು ಬಂದದ್ದು ನನಗೆ.

ಈಗ ಮೇಷ್ಟ್ರನ್ನು ಏನು ಕೇಳಬೇಕು ಅನ್ನುವುದಕ್ಕೆ ಬರುತ್ತೇನೆ. "ನಿಮ್ಮ ಅನುಭವ ಹೇಳಿ" ಎಂದು ಮೊಬೈಲ್ ಮುಂದೆ ಹಿಡಿದರೆ ಯಾವ ಮೆಕಾನಿಕ್ಕೂ ಎರಡು ನಿಮಿಷಕ್ಕಿಂತ ಜಾಸ್ತಿ ಮಾತಾಡುವುದಿಲ್ಲ. ಕೈಗೆ ಒಂದು ಸಾಮಾನು ಕೊಡಿ. ಸಿಲಿಂಡರ್‌ಗಳಿಗೆ ಕಿಡಿ ಹಂಚುವ ಹಳೇ ಡಿಸ್ಟ್ರಿಬ್ಯೂಟರ್ ಕೊಡಿ. ಕಣ್ಣು ಕಾಣದಿದ್ದರೂ ಬೆರಳು ಹೇಳುತ್ತದೆ. ಶಾಫ್ಟ್ ಅಲ್ಲಾಡಿಸಿ ನೋಡಿ ಬುಷ್ ಸವೆದಿದೆಯೋ ಇಲ್ಲವೋ ಹೇಳುತ್ತಾರೆ, ಅಲ್ಲಿಂದ ಮಾತು ತಾನೇ ಹೊರಡುತ್ತದೆ.

ಹೆರಾಲ್ಡ್ ಇಟ್ಟುಕೊಂಡಿದ್ದೀರಿ, ನಿಮಗೆ ಗೊತ್ತಿರಬೇಕು, ಮುಂದಿನ ಚಕ್ರ ಎಡಬಲ ತಿರುಗುವ ಕೀಲಿಗೆ, ಅಂದರೆ ಟ್ರನಿಯನ್‌ಗೆ ಗ್ರೀಸ್ ಹಾಕಬಾರದು, 90 ನಂಬರ್ ಗೇರ್ ಆಯಿಲ್ ಹಾಕಬೇಕು. ಗ್ರೀಸ್ ಒಳಗಿನ ತಿರುಪಿನ ಸುತ್ತುಗಳವರೆಗೆ ಇಳಿಯುವುದಿಲ್ಲ, ನೀರು ಸೇರಿ ತುಕ್ಕು ಹಿಡಿದು ಒಂದು ದಿನ ಚಕ್ರವೇ ಮಡಚಿಕೊಳ್ಳುತ್ತದೆ. ನಿಪ್ಪಲ್ ನೋಡಿದರೆ ಗ್ರೀಸ್ ನಿಪ್ಪಲ್ ಹಾಗೇ ಕಾಣುತ್ತದೆ, ಅದಕ್ಕೇ ಎಲ್ಲರೂ ತಪ್ಪು ಮಾಡುವುದು. ನಮ್ಮ ತಂದೆ ಗನ್ನಿಗೆ ಆಯಿಲ್ ತುಂಬಿ ಬೇರೆಯಾಗಿ ಇಟ್ಟು, ಅದರ ಹಿಡಿಗೆ ಕೆಂಪು ಬಣ್ಣ ಬಳಿದಿದ್ದರು. ಇಂಥದ್ದು ನಿಮ್ಮ ಸಂಚಿಕೆಯಲ್ಲಿ ಬಂದರೆ ಮುಂದೆ ಯಾರದ್ದೋ ಪ್ರಾಣ ಉಳಿಯುತ್ತದೆ.

ಪೆಟ್ರೋಲಿನ ಮಾತೂ ಬರಲಿ. 2000ದಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತಿತು. ಹಳೇ ಎರಕದ ಹೆಡ್‌ಗಳಲ್ಲಿ ವಾಲ್ವ್ ಕೂರುವ ಜಾಗಕ್ಕೆ ಆ ಸೀಸವೇ ಮೆತ್ತನೆಯ ಹಾಸಿನ ಹಾಗೆ ಕೆಲಸ ಮಾಡುತ್ತಿತ್ತು. ಅದು ಹೋದ ಮೇಲೆ ಆ ಸೀಟು ಸವೆಯಲು ಶುರುವಾಯಿತು, ಗಟ್ಟಿ ಸೀಟು ಹಾಕಿಸಬೇಕಾಯಿತು. ಈಗ ಶೇ 20 ಎಥೆನಾಲ್ ಬಂದಿದೆ. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಮೆತ್ತಗಾಗುತ್ತವೆ. ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯ ಟ್ಯಾಂಕಿನಲ್ಲಿ ನೀರು ಸೇರುತ್ತದೆ. ಪೈಪು ಬದಲಾಯಿಸಿ, ಟ್ಯಾಂಕ್ ಖಾಲಿ ಮಾಡಿ ನಿಲ್ಲಿಸಿ. ಪ್ರತಿ ಕಾಲದಲ್ಲೂ ಹೊಸ ತೊಂದರೆ ಬಂದಿದೆ, ಪ್ರತಿ ಸಲವೂ ದಾರಿ ಹುಡುಕಿದ್ದು ಗ್ಯಾರೇಜಿನವರು. ಅದನ್ನು ಕ್ರಮವಾಗಿ ಬರೆದರೆ ನಿಮ್ಮ ಕೂಟದ ಚರಿತ್ರೆ ತಾನೇ ನಿಲ್ಲುತ್ತದೆ.

ಮತ್ತೆ, ಮೇಷ್ಟ್ರ ಸಮಯಕ್ಕೆ ಹಣ ಕೊಡಿ. ಸನ್ಮಾನದ ಶಾಲು ಬೇರೆ, ಕೂಲಿ ಬೇರೆ.

ಬಿಳಿ_ಅಂಬಿ

ದಾವಣಗೆರೆ. ಗ್ರೀಸ್_ಗನ್ ಅವರಿಗೆ ಕೈಮುಗಿದೆ.

ನನ್ನದೊಂದು ನೋವು ಇದೆ. ನಮ್ಮ ಅಂಬಾಸಡರ್ 1972ರದ್ದು. ಎಂಬತ್ತರ ದಶಕದ ಕೊನೆಯಲ್ಲಿ ಅಜ್ಜ ಅದರ ಪೆಟ್ರೋಲ್ ಎಂಜಿನ್ ತೆಗೆಸಿ ಡೀಸೆಲ್ ಎಂಜಿನ್ ಹಾಕಿಸಿದರು. ಹತ್ತಿ ವ್ಯಾಪಾರ, ವಾರಕ್ಕೆ ಮೂರು ಸಲ ಓಡಾಟ, ಪೆಟ್ರೋಲ್ ಹಾಕಿ ಪೂರೈಸುತ್ತಿರಲಿಲ್ಲ. ಆಗ ಎಷ್ಟು ಮನೆಗಳಲ್ಲಿ ಹೀಗೆ ಮಾಡಿಸಿಲ್ಲ ಹೇಳಿ! ಆ ಎಂಜಿನ್ ಇಲ್ಲದಿದ್ದರೆ ಗಾಡಿ ಆವತ್ತೇ ಗುಜರಿಗೆ ಹೋಗುತ್ತಿತ್ತು. ಈಗ ಒಂದು ಪ್ರದರ್ಶನಕ್ಕೆ ತೆಗೆದುಕೊಂಡು ಹೋದರೆ ಬಾನೆಟ್ ಎತ್ತಿ ನೋಡಿ, "ಇದು ಒರಿಜಿನಲ್ ಅಲ್ಲ" ಎಂದು ಹಿಂದಕ್ಕೆ ಕಳಿಸಿದರು.

2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದಲ್ಲೂ ಹಾಗೇ ಇದೆ. ಐವತ್ತು ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು, ಆಗ ಮಾತ್ರ ವಿಂಟೇಜ್ ನೋಂದಣಿ. ಹೊಸದಾಗಿ ನೋಂದಾಯಿಸಿದರೆ ವಿಎ ಅಕ್ಷರ ಇರುವ ನಂಬರ್, ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಅವಧಿ, ಮತ್ತೆ ಮಾಡಿಸಲು 5,000. ವಯಸ್ಸಿನಲ್ಲಿ ನನ್ನ ಗಾಡಿ ಪಾಸು, ಹೊಟ್ಟೆಯಲ್ಲಿ ಫೇಲು. ಸರ್ಕಾರದ ನಿಯಮ ಇರಲಿ, ಕೂಟದ ಚರಿತ್ರೆಯಲ್ಲಾದರೂ ಇಂಥ ಗಾಡಿಗೆ ಜಾಗ ಇದೆಯಾ?

ಕಡಲ_ಅಂಬಾಸಡರ್

@ಬಿಳಿ_ಅಂಬಿ ನಿಮ್ಮ ಬೇಸರ ಅರ್ಥವಾಗುತ್ತದೆ, ಆದರೆ ನನ್ನ ಅಭಿಪ್ರಾಯ ಬೇರೆ. ಮೂಲ ಎಂಜಿನ್ ಅನ್ನುವುದಕ್ಕೆ ಒಂದು ಬೆಲೆ ಇರಲೇಬೇಕು. ಅಂಬಾಸಡರ್ 1957ರಿಂದ 2014ರವರೆಗೆ ತಯಾರಾಯಿತು, ಹೊರಗಿನಿಂದ ನೋಡಿದರೆ ಎಲ್ಲ ಒಂದೇ ಥರ. ಮೊದಲಿನ ಗಾಡಿ ಹೇಗಿತ್ತು, ಸದ್ದು ಹೇಗಿತ್ತು, ಎರಡನೇ ಗೇರಿನಲ್ಲಿ ಹೇಗೆ ಎಳೆಯುತ್ತಿತ್ತು ಎಂದು ಮುಂದಿನವರಿಗೆ ತಿಳಿಯಬೇಕಾದರೆ ಯಾರಾದರೂ ಮೂಲ ರೂಪದಲ್ಲಿ ಉಳಿಸಲೇಬೇಕು. ನಾನು 1489 ಸಿಸಿ ಹಳೇ ಪೆಟ್ರೋಲ್ ಎಂಜಿನ್ನಿಗಾಗಿ ನಾಲ್ಕು ವರ್ಷ ಹುಡುಕಿದ್ದೇನೆ. ಆ ಶ್ರಮಕ್ಕೂ ನಿಮ್ಮ ಗಾಡಿಗೂ ಒಂದೇ ಬಹುಮಾನ ಅಂದರೆ ಸರಿಯಲ್ಲ.

ಗ್ರೀಸ್_ಗನ್

ಬಹುಮಾನ ಯಾರು ಕೇಳಿದರು ಸರ್? ಅವರು ಕೇಳಿದ್ದು ಚರಿತ್ರೆಯಲ್ಲಿ ಜಾಗ. ಎರಡೂ ಬೇರೆ.

ಕಡಲ_ಅಂಬಾಸಡರ್

ಹೌದು, ನಾನು ಅವಸರದಲ್ಲಿ ಓದಿದೆ. ಆ ಮಾತು ಒಪ್ಪುತ್ತೇನೆ. @ಬಿಳಿ_ಅಂಬಿ ಬೇಸರ ಮಾಡಿಕೊಳ್ಳಬೇಡಿ. ಹಾಗೇ ಒಂದು ವಿಚಾರಣೆ, ತೆಗೆದ ಪೆಟ್ರೋಲ್ ಎಂಜಿನ್ ಮನೆಯಲ್ಲೇ ಇದೆಯಾ? ಎಷ್ಟೋ ಮನೆಗಳಲ್ಲಿ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿರುತ್ತದೆ.

ಬಿಳಿ_ಅಂಬಿ

ಇಲ್ಲ ಸರ್. ನೀರು ಎತ್ತುವ ಪಂಪಿಗೆ ಜೋಡಿಸಲು ಯಾರೋ ಒಯ್ದರಂತೆ.

ಅಪ್ಪನ_ಮಾರಿಸ್

ನಾನು ಇಲ್ಲಿ ಬರೆಯುತ್ತಿರುವುದು ಮೊದಲ ಸಲ. ಹಾಸನ ನಮ್ಮ ಊರು. ಅಪ್ಪ ಬಿಟ್ಟು ಹೋದ ಮಾರಿಸ್ ಮೈನರ್ ನನ್ನ ಹತ್ತಿರ ಇದೆ.

ಅಪ್ಪ ಹೋದ ಮೇಲೆ ಎರಡು ವರ್ಷ ಗಾಡಿಗೆ ಹೊದಿಸಿದ ಬಟ್ಟೆ ತೆಗೆಯಲಿಲ್ಲ ನಾವು. ಮಾರಿಬಿಡೋಣ ಎಂದು ಅಣ್ಣ ಹೇಳುತ್ತಿದ್ದ. ಬಾಗಿಲಿನ ಜೇಬಿನಲ್ಲಿ ಒಂದು ಸಣ್ಣ ಡೈರಿ ಸಿಕ್ಕಿತು. ಪೆಟ್ರೋಲ್ ಎಷ್ಟು ಹಾಕಿಸಿದರು, ಎಷ್ಟು ಮೈಲಿ ಓಡಿತು, ಎಲ್ಲ ಬರೆದಿದ್ದಾರೆ. ಒಂದು ಪುಟದಲ್ಲಿ ನಾನು ಹುಟ್ಟಿದ ದಿನದ ಲೆಕ್ಕ ಇದೆ, ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಅಜ್ಜಿ ಮನೆ, ಒಟ್ಟು 31 ಮೈಲಿ. ಬೇರೆ ಒಂದು ಮಾತೂ ಇಲ್ಲ. ಆವತ್ತೇ ಮಾರುವ ಮಾತು ಬಿಟ್ಟೆವು.

ನನ್ನ ಸಲಹೆ ಏನಂದರೆ, ಮನೆಗಳಲ್ಲಿರುವ ಫೋಟೋಗಳನ್ನು ಕೇಳಿ. ಆಗ ಮದುವೆ, ನಾಮಕರಣ, ಪ್ರವಾಸ, ಏನೇ ಆದರೂ ಕಾರಿನ ಮುಂದೆ ನಿಂತು ಒಂದು ಫೋಟೋ ತೆಗೆಸುತ್ತಿದ್ದರು. ನಂಬರ್ ಪ್ಲೇಟ್ ಕಾಣುತ್ತದೆ, ಹಿಂದೆ ಊರು ಕಾಣುತ್ತದೆ. ಮತ್ತೆ ಅಮ್ಮಂದಿರನ್ನು, ಅಜ್ಜಿಯರನ್ನು ಕೇಳಿ. ನಮ್ಮ ಮಾರಿಸ್ ತೆಗೆದುಕೊಳ್ಳಲು ಅಮ್ಮ ಎರಡು ಬಳೆ ಕೊಟ್ಟಿದ್ದಾರೆ. ಆರ್‌ಸಿಯಲ್ಲಿ ಅದು ಬರುವುದಿಲ್ಲ.

ಘಾಟಿ_ಜೀಪು ಅವರೇ, ನಿಮ್ಮ ಡ್ರೈವರ್ ಮನೆಯವರನ್ನು ಒಮ್ಮೆ ಹುಡುಕಿ ನೋಡಿ. ಅವರ ಹತ್ತಿರ ಫೋಟೋ ಇರಬಹುದು. ಅವರೂ ಯಾವತ್ತಾದರೂ ಆ ಕಾರಿನ ಮುಂದೆ ತಮ್ಮ ಹೆಂಡತಿ ಮಕ್ಕಳನ್ನು ನಿಲ್ಲಿಸಿರುತ್ತಾರೆ.

ಘಾಟಿ_ಜೀಪು

ಇದು ನನಗೆ ಹೊಳೆದೇ ಇರಲಿಲ್ಲ. ಅವರ ಮಗಳು ಮೂಡಿಗೆರೆಯಲ್ಲಿ ಇದ್ದಾಳೆ ಎಂದು ಕೇಳಿದ್ದೆ. ಈ ಶನಿವಾರ ಹೋಗುತ್ತೇನೆ.

ಡಿಲೈಟ್_65

ಸ್ಮರಣ ಸಂಚಿಕೆಗೆ ಇನ್ನೊಂದು ವಿಷಯ ನೆನಪಾಯಿತು, ಮೈಸೂರಿನವರು ಇದನ್ನು ಬಿಡಬಾರದು. 1930ರ ದಶಕದಲ್ಲಿ ವಿಶ್ವೇಶ್ವರಯ್ಯನವರು ಅಮೆರಿಕ, ಯುರೋಪು ಸುತ್ತಿ ಬಂದು ನಮ್ಮ ದೇಶದಲ್ಲೇ ಕಾರು ಕಾರ್ಖಾನೆ ಕಟ್ಟುವ ಯೋಜನೆ ಮಾಡಿದ್ದರು. ವಾಲ್‌ಚಂದ್ ಹೀರಾಚಂದ್ ಜೊತೆಗಿದ್ದರು. ಬ್ರಿಟಿಷ್ ಸರ್ಕಾರ ಕೈಹಿಡಿಯಲಿಲ್ಲ. ಅದೇ ವಾಲ್‌ಚಂದ್ 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಕಟ್ಟಿದರು, ಅದೇ ಇವತ್ತಿನ ಎಚ್‌ಎಎಲ್. 1944ರಲ್ಲಿ ಬೊಂಬಾಯಿಯಲ್ಲಿ ಪ್ರೀಮಿಯರ್ ಕಂಪನಿ ಶುರು ಮಾಡಿದರು. ನನ್ನ ಡಿಲೈಟ್ ಆ ಕಂಪನಿಯದ್ದೇ. ಬಾನೆಟ್ ಒರೆಸುವಾಗಲೆಲ್ಲ ಇದು ನೆನಪಾಗುತ್ತದೆ, ಸ್ವಲ್ಪ ಬೇರೆ ರೀತಿ ಆಗಿದ್ದರೆ ಇವು ನಮ್ಮ ರಾಜ್ಯದಲ್ಲೇ ತಯಾರಾಗುತ್ತಿದ್ದವೇನೋ.

ಹೆರಾಲ್ಡ್_ಮೈಸೂರು

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ಕಾರಣ ಇದೆ.

ಕೂಟದ ಸಭೆಯಲ್ಲಿ ಈ ಚರ್ಚೆಯನ್ನು ಪೂರ್ತಿ ಓದಿ ಹೇಳಿದೆ. ಆರ್‌ಸಿ ಇದ್ದವರು ಮಾತ್ರ ಸದಸ್ಯರು ಅನ್ನುವ ನಿಯಮ ನಮ್ಮಲ್ಲೂ ಇತ್ತು. ಒಂದು ಗಂಟೆ ವಾದ ಆಯಿತು, ಇಬ್ಬರು ಎದ್ದು ಹೋದರು, ಕೊನೆಗೆ ಆ ಸಾಲು ತೆಗೆದೆವು. ಹಿಂದೆ ಪದ್ಮಿನಿ ತಂದಾಗ ನಾವು ವಾಪಸ್ ಕಳಿಸಿದ್ದ ಆ ಹುಡುಗನನ್ನೂ ಹುಡುಕಿ ಮನೆಗೆ ಹೋಗಿ ಕರೆದು ಬಂದೆವು. ಅವನಿಗೀಗ ತಲೆ ನರೆತಿದೆ. ಗಾಡಿ ಮಾರಿಲ್ಲ.

ಮೇಷ್ಟ್ರ ಮನೆಗೆ ಎರಡು ಭಾನುವಾರ ಹೋದೆ. ಗ್ರೀಸ್_ಗನ್ ಹೇಳಿದ ಹಾಗೆ ಒಂದು ಹಳೇ ಡಿಸ್ಟ್ರಿಬ್ಯೂಟರ್ ಕೈಗೆ ಕೊಟ್ಟೆ. ಅವರು ಶಾಫ್ಟ್ ಅಲ್ಲಾಡಿಸಿ, ಕ್ಯಾಪಿನ ಒಳಗೆ ಬೆರಳಾಡಿಸಿ, "ಒಳಗೆ ಕೂದಲಷ್ಟು ಬಿರುಕಿದೆ, ಮಳೆಗಾಲದಲ್ಲಿ ತೊಂದರೆ ಕೊಡುತ್ತದೆ" ಎಂದರು. ನಾನು ಬೆಳಕಿಗೆ ಹಿಡಿದು ನೋಡಿದ ಮೇಲೆ ನನಗೆ ಕಂಡಿತು. ಆಮೇಲೆ ಮಾತು ನಿಲ್ಲಲಿಲ್ಲ. ಸಂಜೆ ಐದಕ್ಕೆ ಅವರ ಸೊಸೆ ಬಂದು ಇವತ್ತಿಗೆ ಸಾಕು ಎಂದು ಎಬ್ಬಿಸಿದರು. ಕೂಲಿ ಎಂದು ಕವರ್ ಕೊಟ್ಟೆ, ಮೊದಲು ಬೇಡ ಎಂದರು, ಒತ್ತಾಯ ಮಾಡಿದ ಮೇಲೆ ಎಣಿಸಿ ಇಟ್ಟುಕೊಂಡರು.

ಎರಡನೇ ಭಾನುವಾರ ಅವರು ಮಂಚದ ಕೆಳಗಿನ ಟ್ರಂಕು ಎಳೆಯಲು ಹೇಳಿದರು. ಅದರಲ್ಲಿ ಒಂಬತ್ತು ನೋಟ್‌ಬುಕ್. ಮೊದಲ ಎರಡು ಅವರ ಗುರುಗಳ ಕೈಬರಹ, ಉಳಿದವು ಇವರದ್ದು. ಯಾವ ಪುಟದಲ್ಲೂ ಮಾಲೀಕರ ಹೆಸರಿಲ್ಲ. ನಂಬರ್, ತಾರೀಖು, ಮಾಡಿದ ಕೆಲಸ, ತೆಗೆದುಕೊಂಡ ಹಣ. ಅಷ್ಟೇ. ಅವರ ಮೊಮ್ಮಗಳು ಪಿಯುಸಿ ಓದುತ್ತಿದ್ದಾಳೆ, ಅವಳೇ ಕೂತು ನಂಬರ್ ಪ್ರಕಾರ ಒಂದು ಸೂಚಿ ಮಾಡಿಕೊಡುತ್ತೇನೆ ಎಂದಿದ್ದಾಳೆ.

@ಡಿಲೈಟ್_65 ನಿಮ್ಮ ನಂಬರ್ ಎರಡನೇ ಪುಸ್ತಕದಲ್ಲಿದೆ, ಗುರುಗಳ ಬರಹದಲ್ಲಿ. 1973ರ ಆಗಸ್ಟ್. "ಎಂಜಿನ್ ಇಳಿಸಿ ಬೋರ್, 40 ಪಿಸ್ಟನ್ ಸೆಟ್, ರಿಂಗ್, ಬೇರಿಂಗ್ ಹೊಸದು." ಅದರ ಕೆಳಗೆ ಬೇರೆ ಶಾಯಿಯಲ್ಲಿ ಇನ್ನೊಂದು ಸಾಲು, "ಗಾಡಿ ಮಾರಾಟಕ್ಕೆ". ನಿಮ್ಮ ತಂದೆಯವರು ತೆಗೆದುಕೊಂಡದ್ದು ಆಮೇಲೆ ತಾನೇ?

ಡಿಲೈಟ್_65

ಹೌದು. ಆ ವರ್ಷ ದೀಪಾವಳಿಗೆ ಗಾಡಿ ಮನೆಗೆ ಬಂತು ಎಂದು ಅಮ್ಮ ಹೇಳುತ್ತಾರೆ.

ಅಂದರೆ ಅಪ್ಪ ಹೇಳಿದ್ದು ಸರಿ. ಅವರ ಕೈಗೆ ಬಂದ ಮೇಲೆ ಯಾವತ್ತೂ ಬಿಚ್ಚಿಲ್ಲ.

ಆ ಪುಟದ ಒಂದು ಫೋಟೋ ಕಳಿಸಿ ಸರ್. ಅಮ್ಮನಿಗೆ ತೋರಿಸಬೇಕು. ಮತ್ತೆ ಮುಂದಿನ ತಿಂಗಳು ಗಾಡಿಯನ್ನು ಓಡಿಸಿಕೊಂಡೇ ಮೈಸೂರಿಗೆ ಬರುತ್ತೇನೆ, ಮೇಷ್ಟ್ರು ಒಂದು ಸಲ ಸದ್ದು ಕೇಳಲಿ. ಹರಿಹರ, ಅರಸೀಕೆರೆ ಮೇಲೆ ಬರುವುದಾ ಅಥವಾ ಹೆದ್ದಾರಿಯಲ್ಲೇ ಬರುವುದಾ, ಗೊತ್ತಿದ್ದವರು ಹೇಳಿ. ಗಂಟೆಗೆ 60ರ ಮೇಲೆ ಓಡಿಸುವುದಿಲ್ಲ.

ಬಿಳಿ_ಅಂಬಿ

ಹಳೇ ರಸ್ತೆಯಲ್ಲೇ ಬನ್ನಿ, ಟ್ರಕ್ಕಿನ ಕಾಟ ಕಡಿಮೆ. ಹರಿಹರದಲ್ಲಿ ನಾನು ಬಂದು ಸೇರಿಕೊಳ್ಳುತ್ತೇನೆ, ಡೀಸೆಲ್ ಗಾಡಿಯಲ್ಲೇ. ಟೂಲ್ ಬಾಕ್ಸ್ ನನ್ನ ಡಿಕ್ಕಿಯಲ್ಲಿ ಇರುತ್ತದೆ.

ಘಾಟಿ_ಜೀಪು

ಫೋಟೋ ಸಿಕ್ಕಿತು. ಮೂಡಿಗೆರೆಯಲ್ಲಿ, ಅವರ ಮಗಳ ಮನೆಯ ಗೋಡೆಯ ಮೇಲೆಯೇ ಇತ್ತು. ನಮ್ಮ ಅಂಬಾಸಡರ್ ಮುಂದೆ ಹೆಂಡತಿ, ಮೂರು ಮಕ್ಕಳು, ಅವರು ಬಾನೆಟ್ ಮೇಲೆ ಕೈ ಇಟ್ಟು ನಿಂತಿದ್ದಾರೆ. ಹೆಗಲ ಮೇಲೆ ಅದೇ ಟವೆಲ್.